ಗಂಟಲಿಗೆ ರಜೆ, ಕರ್ನಲ್‌ಗೆ ಹಾಜರಿ

ಫೆಬ್ರವರಿ 9, ಸೋಮವಾರ

ನಾನು ಹೆಚ್ಚು ಮಾತಾಡುವವಳಲ್ಲ. ಇದನ್ನು ಗಂಟಲಿನ ಡಾಕ್ಟರಿಗೂ ಹೇಳಿದೆ. ಕಾಲೇಜಿನಲ್ಲಿ ದಿನಕ್ಕೆ ಮೂರೋ ನಾಲ್ಕೋ ಪಾಠ, ನಡುವೆ ಸಹೋದ್ಯೋಗಿಗಳಿಗೆ ಒಂದೆರಡು ಹಿತವಚನ, ಮನೆಗೆ ಬಂದರೆ ಅಗತ್ಯಕ್ಕೆ ತಕ್ಕಷ್ಟು. ಈ ಅಗತ್ಯ ಎಂದರೆ ಏನು ಎಂಬುದನ್ನು ವಿವರಿಸುತ್ತಿದ್ದಾಗ ಅವರು ಕೈ ಎತ್ತಿ ತಡೆದರು. ಧ್ವನಿತಂತುವಿನ ಮೇಲೆ ಒಂದು ಗಂಟು ಬೆಳೆದಿದೆಯಂತೆ. ಬುಧವಾರ ತೆಗೆಯುತ್ತಾರೆ, ಪರೀಕ್ಷೆಗೆ ಕಳಿಸುತ್ತಾರೆ. ಆಮೇಲೆ ಅವರು ಸರಿ ಎನ್ನುವವರೆಗೆ ಒಂದು ಮಾತೂ ಆಡಕೂಡದು. ಪಿಸುಮಾತೂ ಬೇಡ, ಅದು ಗಂಟಲಿಗೆ ಇನ್ನೂ ಕೆಟ್ಟದ್ದಂತೆ. ಎಷ್ಟು ದಿನ ಎಂದು ಕೇಳಿದ್ದಕ್ಕೆ, "ಸದ್ಯಕ್ಕೆ ಮೂರು ವಾರ ಅಂದ್ಕೊಳಿ" ಎಂದರು.

ದಾರಿಯುದ್ದಕ್ಕೂ ಇವರು ಏನೂ ಹೇಳಲಿಲ್ಲ. ನನ್ನ ಯಜಮಾನರು ಯಾವತ್ತೂ ಹಾಗೆಯೇ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳನ್ನು "ಈಗ ಕಾಣುತ್ತಾ? ಈಗ?" ಎಂದು ಕೇಳಿ ಕೇಳಿ, ಸಂಜೆ ಮನೆಗೆ ಬರುವ ಹೊತ್ತಿಗೆ ಇವರ ಮಾತೆಲ್ಲ ಖರ್ಚಾಗಿರುತ್ತದೆ.

ಪರೀಕ್ಷೆಗೆ ಯಾಕೆ ಕಳಿಸುತ್ತಾರೆ ಎಂದು ನಾನು ಕೇಳಲಿಲ್ಲ. ಇವರೂ ಕೇಳಲಿಲ್ಲ.

ಫೆಬ್ರವರಿ 10, ಮಂಗಳವಾರ

ರಜೆ ಕೇಳಲು ಪ್ರಿನ್ಸಿಪಾಲರ ಕೋಣೆಗೆ ಹೋದೆ. ರಜೆಯ ಜೊತೆಗೆ ಇನ್ನೊಂದೂ ಸಿಕ್ಕಿತು. ಜೂನ್‌ನಿಂದ ಹೊಸ ಪಠ್ಯಕ್ರಮ. ನನ್ನ ಆಪರೇಟಿಂಗ್ ಸಿಸ್ಟಮ್ ವಿಷಯಕ್ಕೆ ಇನ್ನು ಮುಂದೆ ಲ್ಯಾಬ್ ಇರುತ್ತದೆ, ವಿದ್ಯಾರ್ಥಿಗಳು ಕರ್ನಲ್‌ನೊಳಗೆ ಓಡುವ ಪ್ರೋಗ್ರಾಮ್ ಬರೆಯಬೇಕು.

ಕರ್ನಲ್ ಎಂದರೆ ಯಂತ್ರಕ್ಕೂ ನಮ್ಮ ಪ್ರೋಗ್ರಾಮ್‌ಗಳಿಗೂ ನಡುವೆ ಕೂತು, ಯಾರಿಗೆ ಎಷ್ಟು ಹೊತ್ತು, ಯಾರಿಗೆ ಎಷ್ಟು ಜಾಗ ಎಂದು ಹಂಚಿಕೊಡುವ, ಕಂಪ್ಯೂಟರಿನ ಅತ್ಯಂತ ಒಳಗಿನ ಭಾಗ. ಈ ವಾಕ್ಯವನ್ನು ಹದಿನೆಂಟು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಅದರಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದೂ ನನಗೆ ಬಾಯಿಪಾಠ. ಆದರೆ ಕರ್ನಲ್‌ನೊಳಗೆ ಒಂದು ಸಾಲನ್ನೂ ಬರೆದವಳಲ್ಲ. ಅಡುಗೆ ಪುಸ್ತಕ ಓದಿ ಹೇಳುವವರು ಒಲೆ ಹಚ್ಚಲೇಬೇಕೆಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

"ನಿಮಗಿದು ಬರುತ್ತಲ್ಲ ಮೇಡಂ? ಇಲ್ಲಾಂದ್ರೆ ಹೊಸ ಮೇಷ್ಟ್ರಿಗೆ ಕೊಡೋಣ" ಎಂದರು ಪ್ರಿನ್ಸಿಪಾಲರು. ಹೊಸ ಮೇಷ್ಟ್ರು ಕಳೆದ ವರ್ಷ ಸೇರಿದವರು, ಈಗಲೇ ವಿಭಾಗದ ಮುಖ್ಯಸ್ಥರ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದಾರೆ. ನನ್ನ ಕಣ್ಣೂ ಅದರ ಮೇಲೇ ಇದೆ, ಆದರೆ ನನ್ನದನ್ನು ಹಿರಿತನ ಎನ್ನುತ್ತಾರೆ.

"ಅದೇನು ಮಹಾ ಸರ್" ಎಂದೆ. ಆಪರೇಷನ್ನಿಗೆ ಮುಂಚೆ ಕಾಲೇಜಿನಲ್ಲಿ ನಾನಾಡಿದ ಕೊನೆಯ ಮಾತು ಅದು.

ಫೆಬ್ರವರಿ 14, ಶನಿವಾರ

ಆಪರೇಷನ್ ಆಯಿತು. ನೋವು ಹೆಚ್ಚಿಲ್ಲ. ಇವರು ನನಗೊಂದು ಬಿಳಿ ಹಲಗೆ, ಅಳಿಸಿ ಬರೆಯುವ ಪೆನ್ನು ತಂದುಕೊಟ್ಟಿದ್ದಾರೆ. ಹಲಗೆ ಬಹಳ ಚಿಕ್ಕದು. ಒಂದು ಸಲಹೆಯ ಪೀಠಿಕೆಯೂ ಅದರಲ್ಲಿ ಹಿಡಿಸುವುದಿಲ್ಲ. ಅಂಗಡಿಯಲ್ಲಿ ದೊಡ್ಡದು ಇರಲಿಲ್ಲವೇ ಎಂದು ಬರೆದು ತೋರಿಸಿದೆ. ಇತ್ತು ಎಂದರು.

ಅತ್ತೆಗೆ ಕಿವಿ ಮಂದ. ನಾನು ಮಾತು ಬಿಟ್ಟಿದ್ದು ಅವರ ಗಮನಕ್ಕೇ ಬಂದಿಲ್ಲ. ಇವತ್ತು ಅವರ ಎದುರು ಸುಮ್ಮನೆ ನಿಂತಿದ್ದೆ. "ಆಯ್ತು, ಮಾತ್ರೆ ತಗೋತೀನಿ, ಎಷ್ಟು ಸಲ ಹೇಳ್ತೀಯ" ಎಂದು ಸಿಡುಕಿದರು.

ಲ್ಯಾಬಿನ ಚಿಂತೆಯನ್ನು ಇವರಿಗೆ ಹಲಗೆಯ ಮೇಲೆ ಕಂತಿನಲ್ಲಿ ಬರೆದು ತೋರಿಸಿದೆ. ಓದಿ ಮುಗಿಸಿ, "ಪುಟ್ಟೀನ ಕೇಳು. ಅವಳು ಮಾಡೋದು ಅದೇ ಕೆಲಸ ಅಲ್ವಾ?" ಎಂದರು.

ಪುಟ್ಟಿ ನನ್ನ ನಾದಿನಿ, ಇವರ ತಂಗಿ. ನಲವತ್ತು ದಾಟಿದರೂ ಪುಟ್ಟಿಯೇ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಬಿಟ್ಟು ಬಂದು ನಮ್ಮ ಮಹಡಿಯ ಕೋಣೆಯಲ್ಲಿದ್ದಾಳೆ. ತೂಕದ ಯಂತ್ರ ಮಾಡುವ ಕಂಪನಿಯೊಂದಕ್ಕೆ ಮನೆಯಿಂದಲೇ ಏನೋ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಈ ಹನ್ನೆರಡು ವರ್ಷ ಅವಳಿಗೆ ದಾರಿ ತೋರಿಸುವ ಹೊಣೆಯನ್ನು ನಾನೇ ಹೊತ್ತಿದ್ದೇನೆ: ಮತ್ತೆ ಮದುವೆಯಾಗುವುದು, ಕೂದಲು ಬೆಳೆಸುವುದು, ಹೊತ್ತಿಗೆ ಸರಿಯಾಗಿ ಏಳುವುದು. ಆ "ಏನೋ ಕೆಲಸ" ಕರ್ನಲ್‌ನೊಳಗಿನ ಕೆಲಸ ಎಂದು ಇವತ್ತು ತಿಳಿಯಿತು. ಇಷ್ಟು ವರ್ಷದಲ್ಲಿ ಒಂದು ಸಲವೂ ಬಾಯಿಬಿಟ್ಟಿಲ್ಲ. ಗುಟ್ಟಿನ ಸ್ವಭಾವ.

ಅವಳನ್ನು ಕೇಳುವ ಗತಿ ನನಗೆ ಬಂದಿಲ್ಲ. ಒಬ್ಬಳೇ ಕಲಿಯುತ್ತೇನೆ.

ಫೆಬ್ರವರಿ 17, ಮಂಗಳವಾರ

ಕರ್ನಲ್‌ನ ಮೂಲ ಪ್ರತಿಯನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡೆ. ಅದನ್ನು ಕಟ್ಟುವ ಮೊದಲು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಮೊದಲು, ನಿನಗೆ ಇದು ಬೇಕೇ, ಅದು ಬೇಕೇ ಎಂದು ಸಾವಿರಾರು ಪ್ರಶ್ನೆ ಕೇಳುತ್ತದೆ. ಬೇಡ ಎಂದರೆ ಏನಾಗುವುದೋ ಎಂದು ಎಲ್ಲಕ್ಕೂ ಬೇಕು ಎಂದೆ. ಮಧ್ಯಾಹ್ನವೆಲ್ಲ ಲ್ಯಾಪ್‌ಟಾಪ್ ಇಸ್ತ್ರಿಪೆಟ್ಟಿಗೆಯ ಹಾಗೆ ಕಾದು ಉಸಿರುಬಿಟ್ಟಿತು. ಇನ್ನೇನು ಮುಗಿಯಿತು ಎನ್ನುವಾಗ ಜಾಗ ಸಾಲದು ಎಂದು ನಿಂತುಹೋಯಿತು.

ಹಲಗೆ ಹಿಡಿದು ಮಹಡಿ ಹತ್ತಿದೆ. ಮೊದಲು, ಕಾಲೇಜಿನ ಹಿತದೃಷ್ಟಿಯಿಂದ ಕೆಲವು ಪ್ರಾಯೋಗಿಕ ಅಂಶಗಳನ್ನು ಚರ್ಚಿಸಬೇಕಾಗಿದೆ ಎಂದು ಬರೆದಿದ್ದೆ. ಮೆಟ್ಟಿಲ ಮೇಲೆ ಬೆವರಿಗೆ ಅಳಿಸಿಹೋಯಿತು. ಬಾಗಿಲಲ್ಲಿ ನಿಂತು, "ಕರ್ನಲ್ ಹೇಳಿಕೊಡು" ಎಂದಷ್ಟೇ ಬರೆದೆ.

ಪುಟ್ಟಿ ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಕುರ್ಚಿಯ ಮೇಲಿದ್ದ ಬಟ್ಟೆಯನ್ನು ತೆಗೆದು ಮಂಚದ ಮೇಲೆ ಹಾಕಿದಳು. ಬಟ್ಟೆ ಮಡಿಸಿಡಬೇಕು ಎಂದು ಬರೆಯುವಷ್ಟರಲ್ಲಿ ಪಾಠ ಶುರುವಾಗಿತ್ತು.

ಫೆಬ್ರವರಿ 19, ಗುರುವಾರ

ಅವಳ ಕೋಣೆಯಲ್ಲಿ ಮೇಜಿನ ತುಂಬ ಹೊಟ್ಟೆ ಬಗೆದ ತೂಕದ ಯಂತ್ರಗಳು. ಕಿಟಕಿಯಲ್ಲಿ ಎರಡು ಗಿಡ, ಎರಡೂ ಜೀವಂತ. ಅವಳು ಗಿಡ ಸಾಕುತ್ತಾಳೆಂದು ಗೊತ್ತಿರಲಿಲ್ಲ.

ಮೊದಲು ಕಂಪ್ಯೂಟರಿನೊಳಗೇ ಒಂದು ತೋರಿಕೆಯ ಕಂಪ್ಯೂಟರ್ ಮಾಡಿಕೊಟ್ಟಳು. ಕಲಿಯುವಾಗ ಏನು ಕೆಡಿಸಿದರೂ ಅದರಲ್ಲೇ ಕೆಡಿಸಬೇಕು, ನಿಜವಾದದ್ದರಲ್ಲಿ ಕೈ ಇಡಬಾರದು ಎಂದಳು. ಆಮೇಲೆ ಕರ್ನಲ್‌ನೊಳಗೆ ಹೋಗಿ "ನಮಸ್ಕಾರ" ಎಂದು ಹೇಳುವ ಒಂದು ತುಣುಕು ಬರೆಯಲು ಹೇಳಿದಳು. ನಾನು ಪರದೆಯ ಮೇಲೆ ಅಕ್ಷರ ಮೂಡಿಸುವ ಎಂದಿನ ಪ್ರಿಂಟ್ ಫಂಕ್ಷನ್ ಹಾಕಿದೆ. ಅದು ಅಲ್ಲಿಲ್ಲ. ನಮಗೆ ಅಭ್ಯಾಸವಾಗಿರುವ ಯಾವ ಅನುಕೂಲವೂ ಅಲ್ಲಿಲ್ಲ, ದಶಾಂಶದ ಲೆಕ್ಕ ಕೂಡ ಮಾಡಬಾರದಂತೆ. ಕರ್ನಲ್‌ನದೇ ಬೇರೆ ಫಂಕ್ಷನ್ ಹಾಕಿದೆ. ತುಣುಕು ಒಳಗೆ ಹೋಯಿತು, ನಮಸ್ಕಾರ ಮಾತ್ರ ಬರಲಿಲ್ಲ. ಸಾಲಿನ ಕೊನೆಯಲ್ಲಿ ಸಾಲು ಮುಗಿಯಿತು ಎಂಬ ಗುರುತು ಹಾಕಿರಲಿಲ್ಲ. ಅದಿಲ್ಲದಿದ್ದರೆ ಇನ್ನೂ ಮಾತು ಬಾಕಿಯಿದೆ ಎಂದುಕೊಂಡು ಕರ್ನಲ್ ಕಾಯುತ್ತ ಕೂರುತ್ತದೆ. ಇಷ್ಟು ತಾಳ್ಮೆಯ ಶ್ರೋತೃ ನನಗೆ ತರಗತಿಯಲ್ಲಿ ಒಬ್ಬರೂ ಸಿಕ್ಕಿಲ್ಲ.

ಗುರುತು ಹಾಕಬೇಕಾದರೆ ತುಣುಕನ್ನು ಹೊರಗೆ ತೆಗೆಯಬೇಕು. ಅದು ಹೊರಗೆ ಬರಲೊಲ್ಲದು. ಪುಟ್ಟಿ ನನ್ನ ಪರದೆಯ ಕಡೆ ಬಗ್ಗಿ ನೋಡಿ, "ಬರೋದಕ್ಕೆ ಫಂಕ್ಷನ್ ಬರೆದಿದೀರಿ ಅತ್ತಿಗೆ. ಹೋಗೋದಕ್ಕೆ ಬರೆದೇ ಇಲ್ಲ" ಎಂದಳು. ಹಾಗೆ ಬರೆಯದಿದ್ದರೆ ಒಳಗೆ ಹೋದದ್ದು ಕಂಪ್ಯೂಟರ್ ಆರಿಸುವವರೆಗೂ ಒಳಗೇ ಇರುತ್ತದಂತೆ.

ಪಾಠ ಮಾಡುವ ರೀತಿಯಲ್ಲಿ ಅವಳಿಗೆ ಕೆಲವು ಲೋಪಗಳಿವೆ. ಮುಖ್ಯವಾಗಿ, ತುಂಬ ಕಡಿಮೆ ಮಾತಾಡುತ್ತಾಳೆ. ನಾನು ತಪ್ಪು ಮಾಡುವುದನ್ನು ನೋಡುತ್ತ ಕೂತಿರುತ್ತಾಳೆ. ಪಟ್ಟಿ ಮಾಡಿ ಇಟ್ಟಿದ್ದೇನೆ, ಧ್ವನಿ ಬಂದ ಮೇಲೆ ತಿಳಿಹೇಳಬೇಕು.

ಫೆಬ್ರವರಿ 23, ಸೋಮವಾರ

ಅತ್ತೆಗೆ ಕಿವಿ ಕೇಳಿಸದು, ಹಾಗಾಗಿ ಅವರ ಹತ್ತಿರ ಗುಟ್ಟು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಇಷ್ಟು ವರ್ಷ ಈ ಗುಟ್ಟುಗಳಲ್ಲಿ ಒಂದೂ ನನ್ನ ಕಿವಿಗೆ ಯಾಕೆ ಬಿದ್ದಿರಲಿಲ್ಲವೋ ತಿಳಿಯದು. ಇವತ್ತು ಹಲಗೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಬಿತ್ತು.

ಪುಟ್ಟಿ ಊರಿನ ಆ ತುದಿಯಲ್ಲಿ ಬಾಡಿಗೆಗೆ ಒಂದು ಮನೆ ನೋಡಿದ್ದಾಳೆ. ಅತ್ತೆ ಯಾಕೆ ಎಂದು ಕೇಳಿದರು, ಅತ್ತಿಗೆ ಏನಾದರೂ ಅಂದಳಾ ಎಂದರು.

"ಅತ್ತಿಗೆ ಕೆಟ್ಟವರಲ್ಲಮ್ಮ" ಎಂದು ಪುಟ್ಟಿ ಕೂಗಿದಳು. "ಆದ್ರೆ ನನ್ನನ್ನ ದಿನಾ ತಿದ್ದುತಾರೆ. ನಾನೇನು ಅವರ ಉತ್ತರಪತ್ರಿಕೆನಾ?"

ನಿನ್ನ ಅತ್ತಿಗೆಗೆ ಈಗಲೇ ಹೇಳಬೇಡ ಎಂದರು ಅತ್ತೆ. ಬಾಯಿ ಬರಲಿ, ಆಮೇಲೆ ಹೇಗೂ ಇದ್ದೇ ಇದೆ ಎಂದರು. ಅಂದರೆ ನನ್ನ ಬಾಯಿ ಹೋಗಿದ್ದು ಅವರಿಗೆ ಗೊತ್ತು.

ಇಳಿದು ಬಂದೆ.

ಫೆಬ್ರವರಿ 24, ಮಂಗಳವಾರ

ಪಾಠಕ್ಕೆ ಹೋಗಲಿಲ್ಲ.

ಫೆಬ್ರವರಿ 26, ಗುರುವಾರ

ಧ್ವನಿ ಬಂದ ದಿನ ಪುಟ್ಟಿಗೆ ಹೇಳಬೇಕಾದ ಮಾತುಗಳನ್ನು ಬರೆದಿಡುತ್ತಿದ್ದೇನೆ. ಒಂಬತ್ತು ಪುಟವಾಗಿದೆ. ಕೃತಜ್ಞತೆ, ಹಿರಿಯರ ಅನುಭವ, ಒಂಟಿ ಹೆಣ್ಣಿಗೆ ಬಾಡಿಗೆ ಮನೆ ಎಂದರೇನು ಎಂದು ಮೂರು ಭಾಗ. ಎರಡನೆಯ ಭಾಗದಲ್ಲಿ ಸ್ವಲ್ಪ ಪುನರುಕ್ತಿ ಇದೆ, ತರಗತಿಯಲ್ಲಾದರೆ ನಡೆಯುತ್ತದೆ.

ಅವಳ ಸಹಾಯ ಇನ್ನು ಬೇಡ. ಬೀಗಗಳ ಅಧ್ಯಾಯವನ್ನು ನಾನೇ ಓದಿಕೊಳ್ಳುತ್ತೇನೆ. ಒಂದೇ ವಸ್ತುವಿಗೆ ಇಬ್ಬರು ಒಮ್ಮೆಲೇ ಕೈ ಹಾಕದಂತೆ ಕರ್ನಲ್‌ನೊಳಗೆ ಬೀಗ ಹಾಕುತ್ತಾರೆ, ಕೆಲಸವಾದ ಮೇಲೆ ತೆಗೆಯುತ್ತಾರೆ. ಇಷ್ಟೇ. ಇದಕ್ಕೆ ಗುರುಗಳು ಯಾಕೆ?

ಮಾರ್ಚ್ 1, ಭಾನುವಾರ

ಆಗಬಾರದ್ದು ಆಯಿತು.

ಪುಟ್ಟಿ ಮಾಡಿಕೊಟ್ಟ ತೋರಿಕೆಯ ಕಂಪ್ಯೂಟರ್ ಬಿಟ್ಟು ನನ್ನ ಲ್ಯಾಪ್‌ಟಾಪಿನ ನಿಜವಾದ ಕರ್ನಲ್‌ಗೇ ನನ್ನ ಬೀಗದ ತುಣುಕನ್ನು ಹಾಕಿದೆ. ಅವಳ ಸಹಾಯ ಬೇಡವೆಂದ ಮೇಲೆ ಅವಳ ತೋರಿಕೆಯ ಕಂಪ್ಯೂಟರ್ ಯಾಕೆ ಬೇಕು? ಒಂದು ಕಡೆ ಬೀಗ ಹಾಕಿದ್ದೆ. ತೆಗೆಯದೆಯೇ, ಕೆಳಗಿನ ಸಾಲಿನಲ್ಲಿ ಅದೇ ಬೀಗ ತೆರೆಯಲಿ ಎಂದು ಕಾಯುವ ಹಾಗೆ ಬರೆದಿದ್ದೆ. ಬೀಗ ಹಾಕಿದವಳೂ ನಾನೇ, ಹೊರಗೆ ಕಾಯುತ್ತಿರುವವಳೂ ನಾನೇ. ಮೌಸ್ ನಿಂತಿತು. ಮೂಲೆಯ ಗಡಿಯಾರ ನಿಂತಿತು. ಇನ್ನೊಂದು ಕಿಟಕಿಯಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಅರ್ಧ ಟೈಪಾಗಿ ತೆರೆದಿತ್ತು, ಉಳಿಸಿರಲಿಲ್ಲ.

"ಪುಟ್ಟೀ" ಎಂದು ಕಿರುಚಿದೆ.

ಗಂಟಲಲ್ಲಿ ಏನೋ ಹರಿದ ಹಾಗಾಯಿತು. ಪುಟ್ಟಿ ಬರಿಗಾಲಲ್ಲಿ ಇಳಿದು ಬಂದಳು. ಲ್ಯಾಪ್‌ಟಾಪಿನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಗದ್ದ ಹಿಡಿದು, ಬಾಯಿ ತೆಗೆಸಿ, ಟಾರ್ಚ್ ಹಾಕಿ ನೋಡಿದಳು. ಎಂಜಲಿನಲ್ಲಿ ಸ್ವಲ್ಪ ರಕ್ತ. ಆಮೇಲೆ ಲ್ಯಾಪ್‌ಟಾಪಿನ ಗುಂಡಿಯನ್ನು ಒತ್ತಿ ಹಿಡಿದು ಆರಿಸಿದಳು.

ತೋರಿಕೆಯದರಲ್ಲೇ ಮಾಡಿ ಎಂದ ಮಾತು ನೀವು ಕೇಳಲಿಲ್ಲವಲ್ಲ ಎಂದು ಅವಳು ಒಂದು ಸಲವಾದರೂ ಅನ್ನಬಹುದಿತ್ತು. ಅನ್ನಲೇ ಇಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಅರ್ಧ ಗಂಟೆಯಾದರೂ ಹೇಳುತ್ತಿದ್ದೆ. ಹೀಗೆ ಬಿಟ್ಟುಬಿಟ್ಟರೆ ಮನುಷ್ಯರು ಕಲಿಯುವುದು ಹೇಗೆ?

ಮಾರ್ಚ್ 3, ಮಂಗಳವಾರ

ಆಸ್ಪತ್ರೆಗೆ ಪುಟ್ಟಿಯೇ ಕರೆದುಕೊಂಡು ಹೋದಳು, ಇವರಿಗೆ ಅಂಗಡಿ ಬಿಡಲಾಗಲಿಲ್ಲ. ಡಾಕ್ಟರು ಗಂಟಲೊಳಗೆ ಕೊಳವೆ ಇಳಿಸಿ ನೋಡಿ, ಗಾಯ ಮತ್ತೆ ಊದಿದೆ, ಇನ್ನೂ ಮೂರು ವಾರ ಮಾತು ಬೇಡ ಎಂದರು. ಪರೀಕ್ಷೆಗೆ ಕಳಿಸಿದ ಗಂಟಿನ ವರದಿಯಲ್ಲಿ ಒಂದು ಕಡೆ ಸಂದೇಹವಿದೆಯಂತೆ. ಇನ್ನೊಂದು ಲ್ಯಾಬಿಗೆ ಕಳಿಸಿದ್ದಾರೆ.

ಕೆಟ್ಟದ್ದಾಗಿದ್ದರೆ ಧ್ವನಿ ಉಳಿಯುವುದೇ ಎಂದು ಹಲಗೆಯ ಮೇಲೆ ಬರೆದೆ. ಅವರು ಓದಿ, ವರದಿ ಬಂದ ಮೇಲೆ ನೋಡೋಣ ಎಂದರು.

ಹೊರಗೆ ಉದ್ದನೆಯ ಬೆಂಚಿನ ಮೇಲೆ ಕೂತೆವು. ಪುಟ್ಟಿ ಸಮಾಧಾನದ ಮಾತು ಹೇಳುತ್ತಾಳೆ ಎಂದು ಕಾದೆ. ಅವಳು ನನ್ನ ಕೈಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಪಕ್ಕದಲ್ಲಿ ಕೂತಳು. ಆಮೇಲೆ ನಾನು, "ನಾಳೆ ಪಾಠ ಇದೆಯಾ" ಎಂದು ಬರೆದೆ. ಇದೆ ಎಂದಳು.

ಮಾರ್ಚ್ 8, ಭಾನುವಾರ

ಬೀಗಗಳನ್ನು ಮೊದಲಿಂದ ಮಾಡಿಸಿದಳು. ಬೀಗ ಹಾಕುವ ಸಾಲು ಬರೆದ ಕೂಡಲೇ ತೆಗೆಯುವ ಸಾಲು ಬರೆದಿಡಬೇಕು, ನಡುವಿನ ಕೆಲಸ ಆಮೇಲೆ. ಬೀಗ ಹಿಡಿದುಕೊಂಡು ನಿದ್ದೆ ಮಾಡಬಾರದು, ಅಂದರೆ ಬೇರೇನಕ್ಕೋ ಕಾಯುತ್ತ ಕೂರಬಾರದು. ಆದಷ್ಟು ಬೇಗ ಬಿಡಬೇಕು.

ಕರ್ನಲ್ ಮತ್ತೆ ಕಟ್ಟಿಕೊಳ್ಳುತ್ತಿತ್ತು, ಕಾಯಬೇಕಿತ್ತು. ಗಿಡಕ್ಕೆ ನೀರು ಹಾಕುತ್ತ ಪುಟ್ಟಿ, ಅವನು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ ಎಂದಳು. ಯಾರು ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳ ಗಂಡ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಮನೆಗೆ ಬೀಗ ಹಾಕಿ, ಸಂಜೆ ಬಂದು ತೆಗೆಯುತ್ತಿದ್ದನಂತೆ. ಮೊದಮೊದಲು ಮರೆತು ಹಾಕಿದೆ ಎಂದು ಹೇಳುತ್ತಿದ್ದ, ಆಮೇಲೆ ಅದನ್ನೂ ಹೇಳುತ್ತಿರಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಹೊಗೆ ತುಂಬಿಕೊಂಡಿತು. ಕಿಟಕಿಯ ಸರಳಿನಿಂದ ಕೈ ಹೊರಗೆ ಹಾಕಿ ಯಾರನ್ನೋ ಕೂಗಿದಳು, ಅವರು ಬಂದು ಬೀಗ ಒಡೆಸಿದರು. ಹಾಗೆ ಹೊರಗೆ ಬಂದವಳು ನೇರ ಇಲ್ಲಿಗೆ ಬಂದಳು.

ನನಗೆ ಹೇಳಬೇಕಾದದ್ದು ಬಹಳ ಇತ್ತು. ಹಲಗೆಯಲ್ಲಿ "ಆಮೇಲೆ?" ಎಂದು ಮಾತ್ರ ಹಿಡಿಸಿತು. ಅವಳು ಮುಂದುವರಿಸಿದಳು. ಮತ್ತೆ "ಆಮೇಲೆ?" ಎಂದು ತೋರಿಸಿದೆ. ಅಳಿಸಿ ಬರೆಯುವ ಶ್ರಮವೂ ಉಳಿಯಿತು.

ಕೊನೆಗೆ, ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಬರೆದೆ.

"ಹೇಳಿದ್ದೆ ಅತ್ತಿಗೆ" ಎಂದಳು. "ಬಂದ ದಿನಾನೇ. ನೀವು ಹೊಂದಿಕೊಂಡು ಹೋಗೋದು ಹೇಗೆ ಅಂತ ಹೇಳ್ತಾ ಇದ್ರಿ."

ಕೋಪದಿಂದ ಹೇಳಲಿಲ್ಲ. ಇವತ್ತು ಬಿಸಿಲು ಜೋರು ಎನ್ನುವ ಹಾಗೆ ಹೇಳಿದಳು. ಅಷ್ಟರಲ್ಲಿ ಕರ್ನಲ್ ಕಟ್ಟಿ ಮುಗಿಯಿತು.

ನನಗೆ ಆ ದಿನದ ನೆನಪಿಲ್ಲ.

ಮಾರ್ಚ್ 9, ಸೋಮವಾರ

ನೆನಪು ಮಾಡಿಕೊಳ್ಳಲು ನೋಡಿದೆ. ಅವಳು ಉಟ್ಟಿದ್ದ ಸೀರೆಯ ಸೆರಗು ಸುಟ್ಟಿತ್ತು. ಸುಟ್ಟ ಬಟ್ಟೆ ಉಡಬಾರದು ಎಂದು ನಾನು ಹೇಳಿದ್ದು ನೆನಪಿದೆ. ಅವಳು ಏನು ಹೇಳಿದಳು ಎಂಬುದು ಮಾತ್ರ ಇಲ್ಲ.

ಮಾರ್ಚ್ 15, ಭಾನುವಾರ

ನನ್ನ ಕರ್ನಲ್ ತುಣುಕು ಈಗ ಒಂದು ಪುಟ್ಟ ಸಾಧನದ ಹಾಗೆ ನಡೆದುಕೊಳ್ಳುತ್ತದೆ. ಹೊರಗಿನಿಂದ ಯಾವುದಾದರೂ ಪ್ರೋಗ್ರಾಮ್ ಬಂದು ಒಂದು ಸಾಲು ಕೊಟ್ಟರೆ ಇಟ್ಟುಕೊಳ್ಳುತ್ತದೆ, ಕೇಳಿದಾಗ ಮರಳಿ ಕೊಡುತ್ತದೆ. ತನ್ನದೇನೂ ಸೇರಿಸುವುದಿಲ್ಲ. ಇಷ್ಟೇ ಕೆಲಸ ಮಾಡಿಸಲು ಒಂದು ವಾರ ಬೇಕಾಯಿತು. ನಡುವೆ ತೋರಿಕೆಯ ಕಂಪ್ಯೂಟರನ್ನು ಎಷ್ಟು ಸಲ ಕೆಡವಿದೆನೋ ಲೆಕ್ಕವಿಲ್ಲ. ಕೆಡುವಾಗ ಕರ್ನಲ್ ಪರದೆಯ ತುಂಬ ಅಂಕಿಗಳನ್ನು ಕಾರಿಕೊಳ್ಳುತ್ತದೆ. ಮೊದಲು ಅದನ್ನು ನೋಡಿದರೆ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಿದ್ದೆ. ಈಗ ಕೂತು ಓದುತ್ತೇನೆ. ಎಲ್ಲಿ ಎಡವಿದೆ, ಅಲ್ಲಿಗೆ ಯಾವ ದಾರಿಯಿಂದ ಬಂದೆ ಎಂದು ಅದು ತಾನೇ ಹೇಳುತ್ತದೆ, ಅಡ್ಡ ಬಾಯಿ ಹಾಕದೆ ಓದಬೇಕು ಅಷ್ಟೆ.

ತುಣುಕು ಸರಿಯಾಗಿ ಕೆಲಸ ಮಾಡಿದ ದಿನ ಪುಟ್ಟಿ ಚಹಾ ಮಾಡಿಕೊಟ್ಟಳು. ಅವಳು ಹೇಳಿಕೊಡುವ ಹೊಸ ಕಮಾಂಡುಗಳನ್ನು ಬರೆದುಕೊಳ್ಳಲು ಕಾಗದ ಸಿಗದೆ, ಆ ಒಂಬತ್ತು ಪುಟಗಳ ಹಿಂಬದಿಯಲ್ಲಿ ಬರೆದುಕೊಂಡಿದ್ದೇನೆ. ಈಗ ಮುಂಬದಿ ಓದಬೇಕಾದರೆ ತಿರುಗಿಸಬೇಕು.

ಇವರಲ್ಲಿ ಇತ್ತೀಚೆಗೆ ಏನೋ ಬದಲಾವಣೆ. ಊಟಕ್ಕೆ ಕೂತರೆ ಮಾತಾಡುತ್ತಾರೆ. ನಿನ್ನೆ, ಮೊದಲ ಸಲ ಕನ್ನಡಕ ಹಾಕಿಕೊಂಡ ಗಿರಾಕಿಯೊಬ್ಬರು ಹೆಂಡತಿಯ ಮುಖವನ್ನೇ ನೋಡುತ್ತ ನಿಂತುಬಿಟ್ಟದ್ದನ್ನು ಹೇಳಿ ತಾವೇ ನಕ್ಕರು. ಇವರಿಗೆ ಕಥೆ ಹೇಳಲು ಬರುತ್ತದೆಂದು ನನಗೆ ಯಾರೂ ತಿಳಿಸಿರಲಿಲ್ಲ. ವಯಸ್ಸಾದಂತೆ ಗಂಡಸರು ವಾಚಾಳಿಗಳಾಗುತ್ತಾರೆಂದು ಕಾಣುತ್ತದೆ.

ಮಾರ್ಚ್ 24, ಮಂಗಳವಾರ

ವರದಿ ಬಂತು. ಕೆಟ್ಟದ್ದೇನೂ ಇಲ್ಲ.

ಡಾಕ್ಟರು ಒಂದು ಸ್ವರ ಹೊರಡಿಸಿ ನೋಡಿ ಎಂದರು. ಹೊರಟಿತು. ನನ್ನದಲ್ಲ, ಯಾರೋ ತಗ್ಗಿದ ದನಿಯ ಗಂಡಸಿನದು. ಹಳೆಯದು ಮರಳಿ ಬರಲಿಕ್ಕಿಲ್ಲ ಎಂದರು. ದಿನಕ್ಕೆ ಸ್ವಲ್ಪ ಸ್ವಲ್ಪ ಮಾತಾಡಿ, ಅದನ್ನೂ ಮೆಲ್ಲಗೆ ಎಂದರು.

ಮನೆಯಲ್ಲಿ ಎಲ್ಲರೂ ನಡುಮನೆಗೆ ಬಂದು ಕೂತಿದ್ದರು. ಇವರು ಟಿವಿ ಆರಿಸಿದ್ದರು. ಅತ್ತೆ ಕಿವಿಯ ಯಂತ್ರ ಹಾಕಿಕೊಂಡು ಬಂದಿದ್ದರು, ಹಬ್ಬ ಹರಿದಿನಕ್ಕೂ ಅದನ್ನು ಪೆಟ್ಟಿಗೆಯಿಂದ ತೆಗೆಯದವರು. ಪುಟ್ಟಿ ಬಾಗಿಲ ಬಳಿ ನಿಂತಿದ್ದಳು, ಬೈಸಿಕೊಳ್ಳಲು ಬಂದವರು ನಿಲ್ಲುವ ಹಾಗೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

ನಾನು ಪುಟ್ಟಿಯ ಕಡೆ ತಿರುಗಿ, "ನಿನ್ನೆ ಕರ್ನಲ್‌ನಿಂದ ಪಡೆದುಕೊಂಡ ಮೆಮೊರೀನ ನಾನು ಬಿಟ್ಟುಕೊಟ್ಟೇ ಇಲ್ಲ. ಸೋರಿಕೆ ಅಲ್ಲೇ ಆಗ್ತಿರೋದು, ಅಲ್ವಾ?" ಎಂದೆ. ಬೆಳಿಗ್ಗೆಯಿಂದ ತಲೆಯಲ್ಲಿ ಅದೇ ಕೊರೆಯುತ್ತಿತ್ತು.

ಏನಂದಳು ಎಂದು ಅತ್ತೆ ಕೇಳಿದರು. ಪುಟ್ಟಿ ಬಾಗಿಲು ಬಿಟ್ಟು ಒಳಗೆ ಬಂದು, "ಹೌದು ಅತ್ತಿಗೆ, ಅಲ್ಲೇ" ಎಂದಳು.

ಒಂಬತ್ತು ಪುಟದ ಭಾಷಣ ಇನ್ನೊಂದು ದಿನ ಮಾಡಿದರಾಯಿತು. ಡಾಕ್ಟರು ಹೆಚ್ಚು ಮಾತು ಬೇಡ ಎಂದಿದ್ದಾರಲ್ಲ.

ಏಪ್ರಿಲ್ 5, ಭಾನುವಾರ

ಪುಟ್ಟಿ ಕೊನೆಗೆ ತಾನೇ ಹೇಳಿದಳು. ಪಾಠದ ನಡುವೆ, ಪರದೆಯ ಮೇಲಿಂದ ಕಣ್ಣು ತೆಗೆಯದೆ, ಮನೆ ನೋಡಿದ್ದೇನೆ ಎಂದಳು. ಸುಣ್ಣಬಣ್ಣ ಆಗಬೇಕಂತೆ, ಜೂನ್‌ನಲ್ಲಿ ಸಿಗುತ್ತದಂತೆ.

ನನಗೆ ಮೊದಲೇ ಗೊತ್ತು ಎನ್ನಬಹುದಿತ್ತು. ಬೆಳಕು ಬರುತ್ತಾ ಎಂದು ಕೇಳಿದೆ. ಬರುತ್ತದೆ ಎಂದಳು. ಕಿಟಕಿ ಎಷ್ಟಿವೆ, ಗಿಡ ಇಡಲು ಜಾಗವಿದೆಯೇ ಎಂದು ಕೇಳಿದೆ. ಎಲ್ಲಕ್ಕೂ ಹೇಳಿದಳು. ಆಮೇಲೆ ಇಬ್ಬರೂ ಪರದೆ ನೋಡುತ್ತ ಕೂತೆವು. ಅದರ ಮೇಲೆ ನೋಡುವಂಥದ್ದೇನೂ ಇರಲಿಲ್ಲ.

ರಾತ್ರಿ ಊಟ ಸೇರಲಿಲ್ಲ. ಕರ್ನಲ್‌ನ ಚಿಂತೆ ಇರಬೇಕು.

ಜೂನ್ 12, ಶುಕ್ರವಾರ

ಮೊದಲ ಲ್ಯಾಬ್. ನನ್ನ ಧ್ವನಿ ಹಿಂದಿನ ಬೆಂಚಿಗೆ ತಲುಪದ ಕಾರಣ ಎಲ್ಲರನ್ನೂ ಹತ್ತಿರ ಕರೆದು ಕೂರಿಸಿಕೊಂಡೆ. ಮೊದಲ ಗಂಟೆಯಲ್ಲೇ ಒಬ್ಬ ವಿದ್ಯಾರ್ಥಿನಿಯ ಕಂಪ್ಯೂಟರ್ ಕೆಟ್ಟು ಅಂಕಿಗಳನ್ನು ಕಾರಿತು. ಅವಳು ಹೆದರಿ ಎದ್ದು ನಿಂತಳು. ಯಾಕೆ ಹೀಗಾಯಿತು ಮೇಡಂ ಎಂದು ಕೇಳಿದಳು.

"ಗೊತ್ತಿಲ್ಲಮ್ಮ" ಎಂದೆ. "ಕೂತ್ಕೊ, ಓದೋಣ."

ಇಡೀ ತರಗತಿ ಅವಳ ಸುತ್ತ ಮುತ್ತಿಕೊಂಡಿತು. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಅದಲ್ಲ ಎಂದರು. ಹೊಸ ಮೇಷ್ಟ್ರು ಬಾಗಿಲಲ್ಲಿ ಇಣುಕಿದವರು ಒಳಗೇ ಬಂದು ನಿಂತರು. ತಪ್ಪು ಸಿಕ್ಕಿದಾಗ ಗಂಟೆ ಹೊಡೆದು ಬಹಳ ಹೊತ್ತಾಗಿತ್ತು.

ಸಂಜೆ ಪ್ರಿನ್ಸಿಪಾಲರು ಕರೆಸಿದರು. ನನ್ನ ತರಗತಿಯಲ್ಲಿ ಗದ್ದಲ ಜಾಸ್ತಿ ಎಂದು ಪಕ್ಕದ ಕೋಣೆಯಿಂದ ದೂರು ಬಂದಿದೆಯಂತೆ. "ಮೊದಲೆಲ್ಲ ನಿಮ್ಮ ಕ್ಲಾಸಲ್ಲಿ ಒಬ್ಬರೂ ಉಸಿರೆತ್ತುತಿರಲಿಲ್ಲ ಮೇಡಂ" ಎಂದು ಬೇಸರಪಟ್ಟರು. ಮುಖ್ಯಸ್ಥರ ಕುರ್ಚಿಗೆ ಸದ್ಯ ಹೊಸ ಮೇಷ್ಟ್ರನ್ನು ಕೂರಿಸುವ ಯೋಚನೆ ಇದೆ, ನನ್ನ ಆರೋಗ್ಯದ ದೃಷ್ಟಿಯಿಂದ ಎಂದರು. ನಾನು ಒಂದು ಬೀಗದ ತುಣುಕಿನ ಬಗ್ಗೆ ಯೋಚಿಸುತ್ತಿದ್ದೆ, ಸರಿ ಸರ್ ಎಂದು ಬಂದೆ. ಮೆಟ್ಟಿಲಿಳಿಯುವಾಗ ಅವರು ಹೇಳಿದ್ದೇನೆಂದು ತಲೆಗೆ ಹೋಯಿತು. ತಿರುಗಿ ಹತ್ತಲು ಬೇಸರವಾಯಿತು.

ಈ ಸಲದ ವಿದ್ಯಾರ್ಥಿಗಳು ಹಿಂದಿನವರಂತಲ್ಲ. ಪ್ರಶ್ನೆ ಕೇಳುತ್ತಾರೆ. ಒಳ್ಳೆಯ ಶಾಲೆಗಳಿಂದ ಬಂದವರಿರಬೇಕು.

ಜೂನ್ 21, ಭಾನುವಾರ

ಪುಟ್ಟಿಯನ್ನು ಹೊಸ ಮನೆಗೆ ಬಿಟ್ಟು ಬಂದೆವು. ಸಾಮಾನು ಹೆಚ್ಚಿಲ್ಲ. ಇವರು ಮತ್ತು ಗಾಡಿಯವರು ಸೇರಿ ಇಳಿಸಿದರು, ಆಮೇಲೆ ಗಾಡಿಯವರಿಗೆ ದಾರಿ ತೋರಿಸಲು ಇವರೂ ಹೋದರು. ನಾವಿಬ್ಬರೇ ಉಳಿದೆವು. ಎರಡು ಕೋಣೆ, ಹಸಿ ಬಣ್ಣದ ವಾಸನೆ, ಕಿಟಕಿಯಾಚೆ ಪಕ್ಕದ ಮನೆಯವರು ಒಣಹಾಕಿದ ಬಟ್ಟೆ.

ನಡುವೆ ಮಂಚ ನಿಂತಿತ್ತು. ಎಲ್ಲಿ ಹಾಕಲಿ ಅತ್ತಿಗೆ ಎಂದಳು. ನಿನಗೆ ಎಲ್ಲಿ ಬೇಕೋ ಅಲ್ಲಿ ಎಂದೆ.

ಅವಳು ನನ್ನ ಕಡೆ ತಿರುಗಿದಳು. "ಇಲ್ಲ ಅತ್ತಿಗೆ. ನಿಜವಾಗಲೂ ಕೇಳ್ತಿದೀನಿ."

ನಾನು ಕೋಣೆಯನ್ನು ಒಂದು ಸುತ್ತು ನೋಡಿದೆ. "ನೀನು ಯಾವ ಮಗ್ಗುಲಿಗೆ ಮಲಗ್ತೀಯ?" ಎಂದು ಕೇಳಿದೆ. ಒಂದೇ ಸೂರಿನಡಿ ಇಷ್ಟು ವರ್ಷ ಇದ್ದೂ ನನಗದು ಗೊತ್ತಿರಲಿಲ್ಲ.

ಬಲ ಮಗ್ಗುಲಿಗೆ, ಬಾಗಿಲು ಕಾಣುವ ಹಾಗೆ ಎಂದಳು. ಬಾಗಿಲು ಕಾಣದಿದ್ದರೆ ನಿದ್ದೆ ಬರುವುದಿಲ್ಲವಂತೆ. ಇಬ್ಬರೂ ಸೇರಿ ಮಂಚವನ್ನು ಕಿಟಕಿಯ ಗೋಡೆಗೆ ಎಳೆದು ಹಾಕಿದೆವು. ಅವಳು ಮಲಗಿ ನೋಡಿದಳು. ಬಾಗಿಲು ಕಾಣುತ್ತದೆ ಎಂದಳು. ಈಗ ಗೋಡೆಯ ಬೀರುವಿನ ಬಾಗಿಲು ತೆರೆಯಲಾಗದು ಎಂದು ಆಮೇಲೆ ತಿಳಿಯಿತು. ಅರ್ಧ ತೆರೆದು ಮಂಚಕ್ಕೆ ತಾಗಿ ನಿಲ್ಲುತ್ತದೆ. ಇಬ್ಬರಿಗೂ ನಗು ಬಂತು. ನನ್ನ ಹೊಸ ಗಂಟಲಿನಲ್ಲಿ ನಗು ಹೇಗಿರುತ್ತದೆ ಎಂಬುದನ್ನು ಕೇಳಿದ್ದು ಅದೇ ಮೊದಲು, ಹಳೆಯ ಸ್ಕೂಟರ್ ಶುರು ಮಾಡಿದ ಹಾಗಿದೆ. ಮಂಚವನ್ನು ಅಲ್ಲೇ ಬಿಟ್ಟೆವು.

ಆಮೇಲೆ ಪುಟ್ಟಿ ನೆಲದ ಮೇಲೆ, ಬಿಚ್ಚದ ರಟ್ಟಿನ ಪೆಟ್ಟಿಗೆಗೆ ಒರಗಿ ಕೂತು ಮಾತಾಡತೊಡಗಿದಳು. ಕಚೇರಿಯಲ್ಲಿ ತನ್ನ ಮೇಲಿನವನ ಬಗ್ಗೆ, ಚಿಕ್ಕವಳಿದ್ದಾಗ ಇವರ ಸೈಕಲ್ ಕದ್ದು ಓಡಿಸಿ ಬಿದ್ದದ್ದು, ಕೆಳಗಿನ ಮನೆಯ ಮುದುಕಿ ಬೆಳಿಗ್ಗೆಯೇ ಬಂದು ಹೆಸರು ಕೇಳಿದ್ದು, ಪುಟ್ಟಿ ಎಂದು ಬಾಯಿಗೆ ಬಂದು ನಾಚಿಕೆಯಾದದ್ದು. ಇವರು ಬಂದು ಹೊರಗೆ ಹಾರ್ನ್ ಮಾಡುವವರೆಗೂ ನಿಲ್ಲಿಸಲೇ ಇಲ್ಲ. ಹೊರಡುವಾಗ ಬಾಗಿಲ ತನಕ ಬಂದು, ಬರುವ ಭಾನುವಾರ ಪಾಠಕ್ಕೆ ನೀವೇ ಇಲ್ಲಿಗೆ ಬನ್ನಿ ಎಂದಳು. ಅಲ್ಲೂ ನಿಂತು ಇನ್ನೇನೋ ಹೇಳಿದಳು.

ಅವಳು ಇಷ್ಟು ಮಾತಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಹೊಸ ಮನೆಗೆ ಬಂದ ಒಂದೇ ದಿನದಲ್ಲಿ ಮನುಷ್ಯರು ಎಷ್ಟು ಬದಲಾಗಿಬಿಡುತ್ತಾರೆ.